ಮಗನಿಗೆ ಯಾವ ಶಾಲೆ?

ಮಗನನ್ನು ಯಾವ ಶಾಲೆಗೆ ಸೇರಿಸಬೇಕೆಂಬುದು ಮೇಲುನೋಟಕ್ಕೆ ಕೇವಲ ಲೌಕಿಕವಾದ ಪ್ರಶ್ನೆ. ಶುಲ್ಕವೆಷ್ಟು, ದಾರಿಯೆಷ್ಟು ದೂರ, ಫಲಿತಾಂಶ ಹೇಗೆ, ಇಂಗ್ಲಿಷು ಬರುವುದೋ ಇಲ್ಲವೋ ಎಂದು ನಾಲ್ಕು ಕಡೆ ವಿಚಾರಿಸಿ ಮುಗಿಸಬಹುದಾದ ವ್ಯವಹಾರವೆಂದೇ ಬಹುಮಂದಿ ಬಗೆಯುತ್ತಾರೆ. ಆದರೆ ಒಂದು ಕುಟುಂಬವು ತನ್ನ ಮಗನು ಯಾರ ನಡುವೆ ಬೆಳೆಯಬೇಕು, ಯಾರ ನಡುವೆ ಬೆಳೆಯಬೇಕಾಗಿಲ್ಲ ಎಂದು ನಿರ್ಣಯಿಸುವಾಗ, ಮನುಷ್ಯರ ವಿಷಯದಲ್ಲಿ ತನ್ನ ನಂಬುಗೆ ಏನೆಂಬುದನ್ನು ತಿಳಿದೋ ತಿಳಿಯದೆಯೋ ಹೊರಗೆಡಹುತ್ತದೆ. ಆದಕಾರಣ ಈ ಪ್ರಶ್ನೆಯನ್ನು ಇಂತಹ ಪತ್ರಿಕೆಯಲ್ಲಿ ಎತ್ತುವುದು ಅಪ್ರಸ್ತುತವಾಗಲಾರದು.

ಅದರಲ್ಲಿಯೂ ಗಂಡುಮಕ್ಕಳಿಗೆ ಮಾತ್ರ ಮೀಸಲಾದ ಶಾಲೆಯೊಂದು ಎದುರಿಗಿರುವಾಗ ತಾಯಿತಂದೆಗಳ ತಕ್ಕಡಿ ಬಹಳವಾಗಿ ತೂಗಾಡುತ್ತದೆ. ಒಂದು ತಟ್ಟೆಯಲ್ಲಿ ಶಿಸ್ತು, ಸಂಸ್ಕಾರ, ಹಳೆಯ ಹೆಸರು. ಇನ್ನೊಂದರಲ್ಲಿ ಊರಿನ ಸರ್ಕಾರಿ ಶಾಲೆಯೋ ಪೇಟೆಯ ಹೊಸ ಆಂಗ್ಲಮಾಧ್ಯಮದ ಶಾಲೆಯೋ ಇರುತ್ತದೆ. ನಾನು ಮೂವತ್ತು ವರ್ಷಗಳಿಂದ ಮಠದ ಬಾಲಕರ ಶಾಲೆಯೊಂದರಲ್ಲಿ ಕನ್ನಡ ಸಂಸ್ಕೃತಗಳನ್ನು ಬೋಧಿಸುತ್ತ ಅಲ್ಲಿಯ ಅನ್ನವನ್ನು ಉಂಡವನು. ನನ್ನ ಮಾತಿನಲ್ಲಿ ಪಕ್ಷಪಾತವಿರಬಹುದೆಂದು ವಾಚಕರು ಶಂಕಿಸಿದರೆ ಅದು ನ್ಯಾಯವೇ. ಪೂರ್ತಿ ಓದಿದ ಮೇಲೆ ನಿರ್ಣಯಿಸಲಿ.

‘ಸಂಪ್ರದಾಯದ ಬಾಲಕರ ಶಾಲೆ’ ಎಂದೊಡನೆ ನಮ್ಮವರ ಮನಸ್ಸಿನಲ್ಲಿ ಪರ್ಣಶಾಲೆ, ಸಮಿತ್ತು ಹೊತ್ತ ವಟುಗಳು, ನದೀತೀರ ಇವೆಲ್ಲ ಮೂಡಿಬರುತ್ತವೆ. ಇತಿಹಾಸವು ಅಷ್ಟು ರಮ್ಯವಾಗಿಲ್ಲ. ಬಾಲಕರ ಖಾಸಗಿ ಶಾಲೆಗಳೆಂದು ಇಂದು ನಮ್ಮ ನಾಡಿನಲ್ಲಿ ಹೆಸರಾದವುಗಳಲ್ಲಿ ಹಳೆಯವು ಬೆಂಗಳೂರಿನಲ್ಲಿ ಕ್ರೈಸ್ತ ಪಾದ್ರಿಗಳಿಂದ ಹುಟ್ಟಿದವು. ಸಂತ ಜೋಸೆಫರ ಶಾಲೆ 1858ರದು, ಬಿಷಪ್ ಕಾಟನ್ ಶಾಲೆ 1865ರದು, ಬಾಲ್ಡ್‌ವಿನ್ ಶಾಲೆ 1880ರದು. ಬೆಂಗಳೂರಿನ ದಂಡುಪ್ರದೇಶಕ್ಕೆ ಮೊದಲ ರೈಲು ಬಂದದ್ದು 1864ರಲ್ಲಿ. ಅಂದರೆ ನಾವು ಸನಾತನವೆಂದು ಕೈಮುಗಿಯುವ ಈ ಸಂಪ್ರದಾಯಕ್ಕೂ ಆ ಉಗಿಬಂಡಿಗೂ ಬಹುಮಟ್ಟಿಗೆ ಒಂದೇ ವಯಸ್ಸು!

ಮಠಗಳ ವಿದ್ಯಾರ್ಥಿನಿಲಯಗಳ ಕಥೆ ಬೇರೆ. ಹೈಸ್ಕೂಲು ಜಿಲ್ಲೆಯ ಪಟ್ಟಣದಲ್ಲಿ ಮಾತ್ರ ದೊರೆಯುತ್ತಿದ್ದ ಕಾಲದಲ್ಲಿ ಹಳ್ಳಿಯ ಬಡಹುಡುಗನಿಗೆ ಅಡ್ಡಿಯಾದದ್ದು ಬುದ್ಧಿಯ ಕೊರತೆಯಲ್ಲ, ರಾತ್ರಿಯ ಊಟ ಮತ್ತು ತಲೆಯ ಮೇಲೊಂದು ಸೂರು. ಆ ಎರಡನ್ನೂ ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗಾಮಠ ಮೊದಲಾದವು ಕೊಟ್ಟವು. 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳವರು ಜಾತಿಯನ್ನು ಕೇಳದೆ ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಿದ್ದು ಸರ್ವವಿದಿತ. ಆ ದಿನಗಳಲ್ಲಿ ಹಳ್ಳಿಯಿಂದ ಬುತ್ತಿ ಕಟ್ಟಿಕೊಂಡು ನಡೆದುಬಂದವರು ಹುಡುಗರು. ಹುಡುಗಿಯರನ್ನು ಯಾರೂ ಕಳುಹಿಸಲಿಲ್ಲ. ಬಂದವರಿಗೆ ಚಾಪೆ ಹಾಸಲಾಯಿತು. ಹೀಗೆ ಸಂದರ್ಭದಿಂದ ಹುಟ್ಟಿದ ವ್ಯವಸ್ಥೆಯನ್ನು ಕ್ರಮೇಣ ತತ್ತ್ವವೆಂದು ಭಾವಿಸಿದೆವು. ಎಲ್ಲ ಪ್ರಮಾದಗಳೂ ಇಲ್ಲಿಂದಲೇ ಹೊರಟಿವೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಹುಡುಗಿಯರಿಗೂ ಪ್ರತ್ಯೇಕ ಶಾಲೆಗಳಿದ್ದವಲ್ಲ. ಮೈಸೂರಿನಲ್ಲಿ 1881ರಲ್ಲಿಯೇ ಮಹಾರಾಣಿಯವರ ಹೆಸರಿನ ಬಾಲಿಕಾ ಪಾಠಶಾಲೆ ಆರಂಭವಾಯಿತಲ್ಲ. ಅದನ್ನು ಹೊಗಳುವವರು ಬಾಲಕರ ಶಾಲೆಯನ್ನು ಏಕೆ ತೆಗಳಬೇಕು? ಎರಡೂ ಸಮಾನವಲ್ಲ. ಹುಡುಗರ ಜೊತೆಯಲ್ಲಿ ಮಗಳನ್ನು ಕೂರಿಸಲು ಒಪ್ಪದ ತಂದೆಯೂ ಕಳುಹಿಸಲೆಂದು ಬಾಲಿಕೆಯರ ಶಾಲೆಯನ್ನು ಕಟ್ಟಿದರು. ಅದು ಮುಚ್ಚಿದ್ದ ಗೋಡೆಯಲ್ಲಿ ತೆರೆದ ಬಾಗಿಲು. ಹುಡುಗನಿಗೆ ಎಲ್ಲ ಬಾಗಿಲುಗಳೂ ಮೊದಲೇ ತೆರೆದಿದ್ದವು. ಅವನ ಪ್ರತ್ಯೇಕ ಶಾಲೆಗೆ ಆ ಪುಣ್ಯವನ್ನು ಹಂಚಿಕೊಳ್ಳುವ ಅಧಿಕಾರವಿಲ್ಲ. ಬಾಲಕರ ವಿದ್ಯಾಲಯಗಳಿಗೆ ಮೇಲ್ಪಂಕ್ತಿಯಾದ ಇಂಗ್ಲೆಂಡಿನಲ್ಲಿಯೇ, 1382ರಲ್ಲಿ ಸ್ಥಾಪಿತವಾದ ವಿಂಚೆಸ್ಟರ್ ವಿದ್ಯಾಲಯವು 2022ರಲ್ಲಿ ಮೇಲಿನ ತರಗತಿಗಳಿಗೆ ಹುಡುಗಿಯರನ್ನು ಸೇರಿಸಿಕೊಂಡಿತು. ನಮ್ಮಲ್ಲಿ ಹುಡುಗರ ಕೋಟೆಗಳಂತಿದ್ದ ಸೈನಿಕ ಶಾಲೆಗಳೆಲ್ಲವೂ ಹುಡುಗಿಯರಿಗೆ ತೆರೆಯುವುವೆಂದು 2021ರ ಸ್ವಾತಂತ್ರ್ಯದಿನದಂದು ಕೆಂಪುಕೋಟೆಯಿಂದ ಘೋಷಣೆಯಾಯಿತು.

ಇನ್ನು ತಾಯಿತಂದೆಗಳು ಮುಖ್ಯವಾಗಿ ಮುಂದಿಡುವ ಕಾರಣವನ್ನು ವಿಚಾರಿಸೋಣ. “ಹುಡುಗಿಯರಿದ್ದರೆ ಹುಡುಗನ ಮನಸ್ಸು ಚಂಚಲವಾಗುತ್ತದೆ, ಇಲ್ಲದಿದ್ದರೆ ಓದಿನಲ್ಲಿ ನಿಲ್ಲುತ್ತದೆ” ಎಂಬುದು ಅವರ ದೃಢವಾದ ನಂಬಿಕೆ. 2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ನಮ್ಮ ರಾಜ್ಯದ ಹುಡುಗಿಯರಲ್ಲಿ ಶೇಕಡಾ 81.11 ಮಂದಿ ತೇರ್ಗಡೆಯಾದರು, ಹುಡುಗರಲ್ಲಿ 65.90 ಮಂದಿ. ಈ ಅಂತರ ಒಂದು ವರ್ಷದ್ದಲ್ಲ, ವರ್ಷವರ್ಷವೂ ಕಾಣುವಂಥದು. ಈ ಹುಡುಗಿಯರಲ್ಲಿ ಬಹುಪಾಲು ಮಂದಿ ಹುಡುಗರೊಡನೆ ಒಂದೇ ಕೊಠಡಿಯಲ್ಲಿ ಕುಳಿತು, ಒಬ್ಬರೇ ಉಪಾಧ್ಯಾಯರಿಂದ ಪಾಠ ಕೇಳಿದವರು. ಪರಸ್ಪರ ಸಾನ್ನಿಧ್ಯವೇ ಚಾಂಚಲ್ಯಕ್ಕೆ ಕಾರಣವಾಗಿದ್ದರೆ ಅದು ಇಬ್ಬರನ್ನೂ ಸಮನಾಗಿ ಕೆಡಿಸಬೇಕಾಗಿತ್ತು. ಒಬ್ಬಳು ಓದಿ ಇನ್ನೊಬ್ಬನು ಓದದಿದ್ದರೆ ದೋಷವು ಕೊಠಡಿಯಲ್ಲಿಲ್ಲ. ಹುಡುಗನನ್ನು ಸಾಕಿದ ಬಗೆಯಲ್ಲಿ ಹುಡುಕಬೇಕು. ಹೊರನಾಡುಗಳ ಮಾತನ್ನೂ ಕೇಳಬೇಕೆನ್ನುವವರಿಗೆ ಹೇಳುವುದಾದರೆ, 21 ದೇಶಗಳ ಸುಮಾರು 16 ಲಕ್ಷ ವಿದ್ಯಾರ್ಥಿಗಳನ್ನು ಕುರಿತ 184 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಅಮೆರಿಕೆಯ ಮನಶ್ಶಾಸ್ತ್ರಜ್ಞರು, ಪ್ರತ್ಯೇಕ ಶಾಲೆಗಳಿಂದ ಹೇಳಿಕೊಳ್ಳುವಂತಹ ಲಾಭವೇನೂ ತೋರಲಿಲ್ಲವೆಂದು 2014ರಲ್ಲಿ ಪ್ರಕಟಿಸಿದರು. ನಮ್ಮ ದೇಶದಲ್ಲಿಯೂ ಹಂಸಾ ಮೆಹ್ತಾ ಅವರ ಸಮಿತಿಯು 1960ರ ದಶಕದ ಆರಂಭದಲ್ಲಿಯೇ ಹುಡುಗರಿಗೊಂದು ಪಾಠ, ಹುಡುಗಿಯರಿಗೊಂದು ಪಾಠ ಎಂಬ ಭೇದ ಸಲ್ಲದೆಂದು ಹೇಳಿತ್ತು.

ಹಾಗಾದರೆ ಬಾಲಕರ ಶಾಲೆಯಲ್ಲಿ ಸಾರವೇ ಇಲ್ಲವೆ? ಉಂಟು. ಅದನ್ನು ಹೊಗಳುವವರು ಮಾತ್ರ ಅದನ್ನು ನೋಡಿಲ್ಲ.

ನಮ್ಮ ನಿಲಯದಲ್ಲಿ ಬೆಳಗಿನ ಐದು ಗಂಟೆಗೆ ಘಂಟೆ ಬಾರಿಸುತ್ತದೆ. ಅಂಗಳ ಗುಡಿಸುವ ಪಾಳಿ ಒಂದು ಗುಂಪಿನದು, ಶೌಚಾಲಯ ತೊಳೆಯುವುದು ಇನ್ನೊಂದರದು, ತರಕಾರಿ ಹೆಚ್ಚುವುದು ಮತ್ತೊಂದರದು. ಮುದ್ದೆಯನ್ನು ಅಡುಗೆಯವರು ಕಟ್ಟಿಕೊಟ್ಟರೂ ಪಂಕ್ತಿಯಲ್ಲಿ ಬಡಿಸುವವರು ಹುಡುಗರೇ. ಉಂಡ ತಟ್ಟೆಯನ್ನು ಉಂಡವನೇ ತೊಳೆಯಬೇಕು. ಚಿಕ್ಕವನು ಜ್ವರದಿಂದ ಮಲಗಿದ್ದರೆ ದೊಡ್ಡವನು ಅವನದನ್ನೂ ತೊಳೆಯುತ್ತಾನೆ, ಅವನಿಗೆ ಗಂಜಿ ಒಯ್ದು ಕುಡಿಸುತ್ತಾನೆ. ಇವೆಲ್ಲವನ್ನೂ ಲೋಕವು ‘ಹೆಂಗಸರ ಕೆಲಸ’ವೆಂದು ಕರೆದಿದೆ. ಇಲ್ಲಿ ಹೆಂಗಸರೇ ಇಲ್ಲದ್ದರಿಂದ ಅದು ಬರಿಯ ‘ಕೆಲಸ’ವಾಗಿ ಉಳಿಯುತ್ತದೆ. ಕಾಯಕತತ್ತ್ವವನ್ನು ಕುರಿತು ನಾನು ತರಗತಿಯಲ್ಲಿ ಒಂದು ಗಂಟೆ ವ್ಯಾಖ್ಯಾನ ಮಾಡುವುದಕ್ಕಿಂತ ಎಂಜಲು ತಟ್ಟೆಯ ಮುಂದೆ ಕುಳಿತ ಹತ್ತು ನಿಮಿಷ ಹೆಚ್ಚಿನದನ್ನು ಕಲಿಸುತ್ತದೆಂದು ಹೇಳಲು ನನಗೆ ಸಂಕೋಚವಿಲ್ಲ.

ಇದಕ್ಕೆ ಪ್ರತಿಯಾಗಿ, ಗಂಡುಹೆಣ್ಣು ಮಕ್ಕಳು ಕೂಡಿ ಓದುವ ಶಾಲೆಗಳಿಗೆ ಪರೀಕ್ಷೆಯ ಕೆಲಸಕ್ಕಾಗಿಯೂ ಸ್ಪರ್ಧೆಗಳ ತೀರ್ಪಿಗಾಗಿಯೂ ಹೋದಾಗ ನಾನು ಕಂಡದ್ದೇನು? ಪೊರಕೆ ಹುಡುಗಿಯ ಕೈಯಲ್ಲಿ, ರಂಗೋಲಿಯ ಬಟ್ಟಲು ಹುಡುಗಿಯ ಕೈಯಲ್ಲಿ. ಅತಿಥಿಗಳಿಗೆ ಆರತಿ, ನೀರಿನ ಲೋಟ, ಚಹದ ತಟ್ಟೆ ಎಲ್ಲವೂ ಅವಳವೇ. ಹುಡುಗರು ಬೆಂಚು ಎತ್ತಿಟ್ಟು ಮೈದಾನಕ್ಕೆ ಓಡಿದ್ದರು. ಎಲ್ಲೆಡೆಯೂ ಹೀಗೆಂದು ನಾನು ಹೇಳಲಾರೆ. ಅನೇಕ ಕಡೆ ಹೀಗೆಯೇ ಇತ್ತು. ಒಂದೇ ಕೊಠಡಿಯಲ್ಲಿ ಕೂರಿಸಿದ ಮಾತ್ರಕ್ಕೆ ಸಮತೆ ಬಂದೀತೆಂದು ನಂಬುವವರು ಈ ಪೊರಕೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆದಕಾರಣ ಬಾಲಕರ ಶಾಲೆಯನ್ನು ನೋಡಲು ಹೋಗುವ ತಂದೆಗೆ ನಾನು ಹೇಳುವುದಿಷ್ಟು. ಗೋಡೆಯ ಮೇಲಿನ ಪದಕಗಳನ್ನೂ ಫಲಿತಾಂಶದ ಹಲಗೆಯನ್ನೂ ಆಮೇಲೆ ನೋಡಬಹುದು; ಮೊದಲು ಅಲ್ಲಿ ಕಸವನ್ನು ಗುಡಿಸುವವರು ಯಾರು, ತಟ್ಟೆಯನ್ನು ತೊಳೆಯುವವರು ಯಾರೆಂದು ಕೇಳಲಿ. ಸಾವಿರಾರು ರೂಪಾಯಿ ಶುಲ್ಕ ತೆಗೆದುಕೊಂಡು, ಕಡಿಮೆ ಸಂಬಳದ ನಾಲ್ವರು ಹೆಂಗಸರಿಂದ ಗುಡಿಸಿ ತೊಳೆಯಿಸಿ, ಹುಡುಗನಿಗೆ ಹೊಳೆಯುವ ಬೂಟನ್ನೂ ಕುತ್ತಿಗೆಪಟ್ಟಿಯನ್ನೂ ತೊಡಿಸಿ ‘ನಾಯಕತ್ವ’ ಕಲಿಸುವ ಬಾಲಕರ ಶಾಲೆಯಲ್ಲಿ ಮೇಲೆ ಹೇಳಿದ ಸಾರವಿಲ್ಲ, ದೋಷವು ಮಾತ್ರ ಪೂರ್ತಿಯಾಗಿದೆ. ಅಲ್ಲಿ ಅವನು ಕಾಣುವ ಸ್ತ್ರೀಯರೆಲ್ಲರೂ ಅವನ ಸೇವೆಗೆಂದೇ ಬಂದವರು.

ಇನ್ನೊಂದನ್ನೂ ಕೇಳಬೇಕು. ಗಂಡುಹುಡುಗನಿಗೇನು ಭಯ ಎಂದು ನಿಶ್ಚಿಂತರಾಗಿ ಮಕ್ಕಳನ್ನು ವಸತಿಶಾಲೆಯಲ್ಲಿ ಬಿಟ್ಟುಹೋಗುವ ಪದ್ಧತಿ ಅಪಾಯಕರ. ಕೇಂದ್ರ ಸರ್ಕಾರವು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲೈಂಗಿಕ ಪೀಡೆಗೆ ಒಳಗಾದೆವೆಂದ ಮಕ್ಕಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಹುಡುಗರೇ ಆಗಿದ್ದರು. 2012ರ ಪೋಕ್ಸೊ ಕಾಯಿದೆಯು ಹುಡುಗನನ್ನೂ ಹುಡುಗಿಯನ್ನೂ ಸಮನಾಗಿ ರಕ್ಷಿಸುತ್ತದೆ. ರಾತ್ರಿ ನಿಲಯದಲ್ಲಿ ಹೊಣೆಗಾರರು ಯಾರು, ಮಗು ಮನಸ್ಸಾದಾಗ ಮನೆಗೆ ದೂರವಾಣಿ ಮಾಡಬಹುದೆ, ದೂರನ್ನು ಯಾರಿಗೆ ಹೇಳಬೇಕೆಂದು ಮಕ್ಕಳಿಗೇ ಗೊತ್ತಿದೆಯೆ ಎಂಬ ಪ್ರಶ್ನೆಗಳಿಗೆ ಮುಖ ಸಿಂಡರಿಸುವ ಸಂಸ್ಥೆಯು ಮಠದ್ದಾಗಿರಲಿ, ಮಿಷನ್ನಿನದಾಗಿರಲಿ, ಅಲ್ಲಿಂದ ಎದ್ದು ಬರುವುದು ಲೇಸು.

ಬಾಲಕರ ಶಾಲೆಯ ಕೊರತೆಯನ್ನು ಈಗ ಹೇಳಬೇಕು. ಅಲ್ಲಿ ಕಲಿತ ಹುಡುಗನು ತನ್ನ ವಯಸ್ಸಿನ ಹುಡುಗಿಯೊಬ್ಬಳು ತನಗಿಂತ ಚೆನ್ನಾಗಿ ಉತ್ತರ ಹೇಳಿದ್ದನ್ನು ಕೇಳದೆಯೇ ಹದಿನಾರು ವರ್ಷಕ್ಕೆ ಬಂದುಬಿಡುತ್ತಾನೆ. ಸೋಲನ್ನು ಗೆಳೆಯನಿಂದ ಕಲಿಯುತ್ತಾನೆ, ಗುರುವಿನಿಂದ ಕಲಿಯುತ್ತಾನೆ. ಹೆಣ್ಣಿನಿಂದ ತಿದ್ದಿಸಿಕೊಳ್ಳುವುದನ್ನು ಮಾತ್ರ ಕಲಿಯುವುದಿಲ್ಲ. ಇದನ್ನು ಸಣ್ಣ ಕೊರತೆಯೆಂದು ತಳ್ಳಿಹಾಕುವವರು ಕಲ್ಯಾಣದ ಕಡೆಗೆ ಒಮ್ಮೆ ತಿರುಗಿ ನೋಡಬೇಕು. ಆಯ್ದಕ್ಕಿ ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದವನು. ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚಿಗೆ ತಂದನೆಂದೂ, ಪತ್ನಿ ಲಕ್ಕಮ್ಮನು ಆ ಹೆಚ್ಚಳವನ್ನು ಒಳಗಿಡದೆ ಮರಳಿ ಒಯ್ದು ಸುರಿದು ಬರುವಂತೆ ಹೇಳಿದಳೆಂದೂ ಪರಂಪರೆ ಸಾರುತ್ತದೆ. ಕಾಯಕದ ಮರ್ಮವನ್ನು ಗಂಡನಿಗೆ ತಿಳಿಯಪಡಿಸಿದವಳು ಹೆಂಡತಿ. ಅದನ್ನು ಕೇಳಿ ಕೋಪಿಸಿಕೊಳ್ಳದೆ ಅಕ್ಕಿಯ ಗಂಟನ್ನು ಹೊತ್ತು ಹಿಂದಿರುಗಿದವನು ಗಂಡ. ಲಕ್ಕಮ್ಮನ ವಿವೇಕವನ್ನು ನಾವೆಲ್ಲ ಹಾಡಿ ಹೊಗಳುತ್ತೇವೆ. ಮಾರಯ್ಯನ ಆ ತಿರುಗುನಡಿಗೆಯನ್ನು ಹೊಗಳಿದವರು ಕಡಿಮೆ. ನಮ್ಮ ಶಾಲೆಗಳು ಬೆಳೆಸಬೇಕಾದದ್ದು ಆ ನಡಿಗೆಯನ್ನು ನಡೆಯಬಲ್ಲ ಹುಡುಗರನ್ನು. ಅಲ್ಲಮಪ್ರಭುವೇ ಅಧ್ಯಕ್ಷನಾದ ಅನುಭವಗೋಷ್ಠಿಯಲ್ಲಿ ಅಕ್ಕಮಹಾದೇವಿ, ಮುಕ್ತಾಯಕ್ಕ, ಅಕ್ಕನಾಗಮ್ಮ ಮೊದಲಾದವರು ಕುಳಿತು ವಾದಿಸಿದರೆಂದು ಪಾಠ ಹೇಳುವಾಗ, ಎದುರಿನ ಸಾಲುಗಳಲ್ಲಿ ಒಬ್ಬ ಬಾಲಿಕೆಯೂ ಇಲ್ಲದಿರುವುದು ಉಪಾಧ್ಯಾಯನಿಗೆ ಎದ್ದುಕಾಣದೆ ಇರಲಾರದು.

ವಿದ್ಯೆಯ ಅಪೂರ್ಣತೆಯನ್ನು ಛಾಂದೋಗ್ಯದ ಋಷಿಯೂ ಬಲ್ಲನು. ಉದ್ದಾಲಕನ ಮಗ ಶ್ವೇತಕೇತು ಹನ್ನೆರಡನೆಯ ವಯಸ್ಸಿನಲ್ಲಿ ಗುರುಕುಲಕ್ಕೆ ಹೋಗಿ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಎಲ್ಲ ವೇದಗಳನ್ನೂ ಓದಿ ಮನೆಗೆ ಬರುತ್ತಾನೆ. ಬರುವಾಗ ತಾನು ಎಲ್ಲವನ್ನೂ ಬಲ್ಲೆನೆಂಬ ಬಿಗುಮಾನವನ್ನೂ ಹೊತ್ತು ತರುತ್ತಾನೆ. ತಂದೆಯು ಆ ಗುರುಕುಲವನ್ನು ದೂಷಿಸುವುದಿಲ್ಲ, ಇನ್ನೊಂದಕ್ಕೆ ಸೇರಿಸುವುದೂ ಇಲ್ಲ. ಮಗನನ್ನು ಎದುರಿಗೆ ಕೂರಿಸಿಕೊಂಡು, ಆಲದ ಹಣ್ಣನ್ನು ತರಿಸಿ, ನೀರಿನಲ್ಲಿ ಉಪ್ಪನ್ನು ಕರಗಿಸಿ, ಉಳಿದ ಪಾಠವನ್ನು ತಾನೇ ಹೇಳುತ್ತಾನೆ. ಶಾಲೆಯನ್ನು ಆರಿಸಿದೊಡನೆ ತಮ್ಮ ಹೊಣೆ ತೀರಿತೆಂದು ಭಾವಿಸುವವರು ಈ ಉಪಾಖ್ಯಾನದ ಪೂರ್ವಾರ್ಧವನ್ನು ಮಾತ್ರ ಓದಿದವರು. ನಮ್ಮ ನಿಲಯದಲ್ಲಿ ವರ್ಷವಿಡೀ ತನ್ನ ತಟ್ಟೆಯನ್ನು ತೊಳೆದ ಹುಡುಗನೇ ದಸರಾ ರಜೆಗೆ ಊರಿಗೆ ಹೋದಾಗ ಉಂಡ ತಟ್ಟೆಯನ್ನು ಹಾಗೆಯೇ ಬಿಟ್ಟು ಏಳುತ್ತಾನೆ. ತಂಗಿ ಬಂದು ಎತ್ತುತ್ತಾಳೆ. ಅಪ್ಪನ ತಟ್ಟೆಯೂ ಅಲ್ಲಿಯೇ ಇರುತ್ತದೆ. ಹತ್ತು ತಿಂಗಳ ಪಾಠವನ್ನು ಹದಿನೈದು ದಿನದ ರಜೆ ಅಳಿಸಿಹಾಕುವ ಪರಿ ಇದು.

ತಂಗಿಯ ಮಾತು ಬಂದಿತು. ಇಡೀ ವಿಚಾರದ ಗಂಟು ಇರುವುದು ಇಲ್ಲಿಯೇ. ‘ಮಗನಿಗೆ ಯಾವ ಶಾಲೆ’ ಎಂದು ತಿಂಗಳುಗಟ್ಟಲೆ ತೂಗುವ ಮನೆಗಳಲ್ಲಿ ‘ಮಗಳಿಗೆ ಯಾವ ಶಾಲೆ’ ಎಂಬ ಪ್ರಶ್ನೆ ತಕ್ಕಡಿಗೆ ಏರುವುದೇ ಇಲ್ಲ. ಗ್ರಾಮೀಣ ಭಾರತದ ಶಾಲೆಗಳ ಸ್ಥಿತಿಯನ್ನು 2005ರಿಂದ ಪರಿಶೀಲಿಸುತ್ತ ಬಂದಿರುವ ಅಸರ್ ಸಮೀಕ್ಷೆಗಳು ಖಾಸಗಿ ಶಾಲೆಗೆ ಹೋಗುವವರ ಪ್ರಮಾಣ ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚೆಂದು ಮತ್ತೆ ಮತ್ತೆ ತೋರಿಸಿವೆ. ಒಂದೇ ಸೂರಿನ ಕೆಳಗಿನ ಇಬ್ಬರಲ್ಲಿ ಅವನಿಗೆ ಶುಲ್ಕದ ಶಾಲೆ, ವ್ಯಾನು, ಬೂಟು. ಅವಳಿಗೆ ನಡೆದುಹೋಗುವ ಶಾಲೆ. ಸರ್ಕಾರಿ ಶಾಲೆ ಕೀಳೆಂದು ನಾನು ಹೇಳುತ್ತಿಲ್ಲ. ಗಂಡುಹೆಣ್ಣು, ಜಾತಿಗೀತಿಗಳ ಭೇದವಿಲ್ಲದೆ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಉಣ್ಣುವ ಆ ಮಧ್ಯಾಹ್ನದ ಊಟಕ್ಕೆ ನಮ್ಮ ರಾಜ್ಯದಲ್ಲಿ 2002ರಲ್ಲಿ ‘ಅಕ್ಷರದಾಸೋಹ’ವೆಂದು ಹೆಸರಿಟ್ಟವರು ಸಾರ್ಥಕವಾದ ಮಾತನ್ನೇ ಆರಿಸಿದರು. ಅಣ್ಣನಿಗೆ ಸಾಲದೆಂದು ಬಿಟ್ಟದ್ದನ್ನೇ ತಂಗಿಗೆ ಸಾಕೆನ್ನುವುದು ಮಾತ್ರ ಅನ್ಯಾಯ. ಬಾಲಕ ಬಸವಣ್ಣನು ತನ್ನ ಅಕ್ಕನಿಗಿಲ್ಲದ ಉಪನಯನವು ತನಗೇಕೆಂದು ಕೇಳಿದನೆಂಬ ಕಥೆ ನಮ್ಮಲ್ಲಿ ಮನೆಮಾತಾಗಿದೆ. ಉಪನಯನವೆಂದರೆ ಕೇವಲ ದಾರವಲ್ಲ. ಆ ಕಾಲಕ್ಕೆ ಅದು ವಿದ್ಯಾಭ್ಯಾಸದ ಪ್ರವೇಶಪತ್ರ. ಆ ಕಥೆಯನ್ನು ಶಾಲಾಪ್ರವೇಶದ ಕಥೆಯೆಂದು ಓದಿದರೆ ಅದು ನಮ್ಮ ಮನೆಯ ಜಗುಲಿಗೇ ಬಂದು ಕೂರುತ್ತದೆ.

ಕಳೆದ ಮೇ ತಿಂಗಳಿನಲ್ಲಿ ಒಂದು ರೈತ ದಂಪತಿಗಳು ಎಂಟನೆಯ ತರಗತಿಯ ಅರ್ಜಿಗಾಗಿ ನಮ್ಮಲ್ಲಿಗೆ ಬಂದಿದ್ದರು. ಹುಡುಗನು ಸಾಧಾರಣ ಬುದ್ಧಿಯವನು, ಸೌಮ್ಯ ಸ್ವಭಾವದವನು. ಪಟ್ಟಣದಲ್ಲಿ ಹೆಸರಾದ ಬಾಲಕರ ಖಾಸಗಿ ಶಾಲೆಯೊಂದಕ್ಕೆ ಸೇರಿಸಲು ತಾಯಿಯ ಬಳೆಗಳನ್ನು ಒತ್ತೆಯಿಡುವ ಯೋಚನೆ ತಂದೆಗಿತ್ತು. ಅಲ್ಲಿ ಸೀಟು ದೊರೆಯದಿದ್ದರೆ ನಮ್ಮದು. ಒಂದು ವರ್ಷಕ್ಕೆ ಚಿಕ್ಕವಳಾದ ಮಗಳು ಊರಿನ ಶಾಲೆಯಲ್ಲಿ ಮೊದಲನೆಯವಳೆಂದು ಮಾತಿನ ನಡುವೆ ತಿಳಿಯಿತು. ಅವಳನ್ನು ಎಲ್ಲಿಯವರೆಗೆ ಓದಿಸುವಿರೆಂದು ನಾನು ಕೇಳಿದೆ.

“ಅವಳಿಗೇನು ಗುರುಗಳೆ, ಎಲ್ಲಿ ಬಿಟ್ಟರೂ ಓದಿಕೊಳ್ಳುತ್ತಾಳೆ. ಇವನಿಗೇ ಆಸರೆ ಬೇಕು” ಎಂದರು ತಂದೆ. ಆ ಮಾತಿನಲ್ಲಿ ಕ್ರೌರ್ಯವಿರಲಿಲ್ಲ. ಮಗಳನ್ನು ಕುರಿತ ಹೆಮ್ಮೆಯೇ ಇತ್ತು. ಅಷ್ಟು ಹೊತ್ತು ಸುಮ್ಮನೆ ಕುಳಿತಿದ್ದ ತಾಯಿ ಆಗ, “ಎಲ್ಲಿ ಬಿಟ್ಟರೂ ಓದುವವಳಿಗೆ ನಾವು ಕೊಡುವುದು ಯಾವತ್ತು?” ಎಂದರು.

ನನಗೆ ತಿಳಿದ ದಾರಿಯನ್ನು ಹೇಳಿದೆ. ನಮ್ಮಲ್ಲಿ ಊಟವಸತಿಗಳಿಗೆ ಹಣವಿಲ್ಲ; ಹುಡುಗನಿಗೆ ಬೇಕಾದ ಆಸರೆ ಇಲ್ಲಿ ದೊರೆಯಬಹುದು; ಬಳೆಗಳು ಮನೆಯಲ್ಲಿಯೇ ಇರಲಿ; ಮೂರು ವರ್ಷದ ಶುಲ್ಕವೆಂದು ಲೆಕ್ಕ ಹಾಕಿದ ಹಣವು, ಅವರ ಊರಿನಲ್ಲಿ ಇಲ್ಲದ ಪದವಿಪೂರ್ವ ಕಾಲೇಜಿಗೆ ಮಗಳನ್ನು ಕಳುಹಿಸಲು ಸಾಕಾಗುತ್ತದೆ; ಆ ಹಣವನ್ನು ಅವಳ ಹೆಸರಿನಲ್ಲಿ ಈಗಿನಿಂದಲೇ ತೆಗೆದಿಡಬಹುದು. ಹಾಗೆ ಮಾಡುವುದಾದರೆ ಮಾತ್ರ ನಮ್ಮ ಶಾಲೆ ನಿಮಗೆ ಒಳ್ಳೆಯದು, ಇಲ್ಲವಾದರೆ ಅಣ್ಣತಂಗಿ ಇಬ್ಬರೂ ಊರಿನ ಶಾಲೆಯಲ್ಲಿಯೇ ಕೂಡಿ ಓದುವುದು ಮೇಲೆಂದೂ ಹೇಳಿದೆ. ತಂದೆ ಉತ್ತರ ಕೊಡಲಿಲ್ಲ. ಅರ್ಜಿಯನ್ನು ಮಡಿಸಿ ಜೇಬಿಗೆ ಇಟ್ಟುಕೊಂಡರು.

ಜೂನ್ ತಿಂಗಳಿನಲ್ಲಿ ಹುಡುಗನು ನಮ್ಮಲ್ಲಿಗೇ ಸೇರಿದನು. ಮೊದಲ ತಿಂಗಳ ಭೇಟಿಯ ಭಾನುವಾರ ತಾಯಿ ಒಬ್ಬರೇ ಬಂದಿದ್ದರು. ಮಗನ ಅಂಗಿಯ ಕಾಲರನ್ನು ಮುಟ್ಟಿ ನೋಡಿ, ಒಗೆದವರು ಯಾರೆಂದು ಕೇಳಿ, ಅವನೇ ಒಗೆದದ್ದೆಂದು ತಿಳಿದು ನಕ್ಕರು. ಮಗಳ ಹಣದ ವಿಷಯ ಏನಾಯಿತು ತಾಯಿ, ಎಂದು ವಿಚಾರಿಸಿದೆ.

“ಅವರಿನ್ನೂ ಬಾಯಿ ಬಿಟ್ಟಿಲ್ಲ ಗುರುಗಳೆ. ನಾನೂ ಕೇಳುವುದನ್ನು ಬಿಟ್ಟಿಲ್ಲ” ಎಂದರು.